ಸೋಲುವ ಹೆಸರನ್ನೇ ಸದನದ ಮುಂದಿಟ್ಟ ಸ್ಪೀಕರ್: ಸ್ವೀಡನ್‌ನ 134 ದಿನಗಳು

2018ರ ಮೇ ತಿಂಗಳನ್ನು ಕರ್ನಾಟಕದವರು ಬೇಗ ಮರೆಯುವುದಿಲ್ಲ. ಚುನಾವಣೆ ನಡೆದ 222 ಕ್ಷೇತ್ರಗಳಲ್ಲಿ ಮೂರು ದೊಡ್ಡ ಪಕ್ಷಗಳಿಗೆ 104, 78, 37 ಎಂದು ಸೀಟು ಹಂಚಿಹೋಗಿ ವಿಧಾನಸಭೆ ಅತಂತ್ರವಾಯಿತು. ಮೊದಲು ಯಾರನ್ನು ಕರೆಯಬೇಕೆಂಬುದು ರಾಜಭವನದಲ್ಲಿ ತೀರ್ಮಾನವಾಯಿತು. ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. ಸುಪ್ರೀಂ ಕೋರ್ಟ್ ರಾತ್ರಿಯಿಡೀ ವಾದ ಕೇಳಿ, ಮರುದಿನ ಆ ಗಡುವನ್ನು ಮೊಟಕುಗೊಳಿಸಿತು. ಮೇ 19ರಂದು ವಿಶ್ವಾಸಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಬಂತು.

ಅದಾಗಿ ನಾಲ್ಕು ತಿಂಗಳಿಗೆ ಸ್ವೀಡನ್‌ನಲ್ಲೂ ಅತಂತ್ರ ಫಲಿತಾಂಶ ಬಂತು. ಅಲ್ಲಿ ರಾಜನಿದ್ದಾನೆ, ಅರಮನೆಯಿದೆ. ಆದರೆ ಯಾರನ್ನು ಕರೆಯಬೇಕೆಂಬುದು ಅರಮನೆಗೆ ಸೇರಿದ ಮಾತಲ್ಲ. ಆ ಕೆಲಸ ಸಂಸತ್ತಿನ ಸ್ಪೀಕರ್ ಅವರದು. ಒಬ್ಬ ಸ್ಪೀಕರ್ ಆ ನಾಲ್ಕೂವರೆ ತಿಂಗಳು ಯಾವ ಹಂತದಲ್ಲಿ ಏನು ಮಾಡಿದರು, ಏಕೆ ಮಾಡಿದರು ಎಂಬುದನ್ನು ನೋಡುವುದು ಈ ಅಧ್ಯಯನದ ಉದ್ದೇಶ. ವ್ಯಕ್ತಿಗಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಹೆಸರು ಬಂದರೆ ಗಮನ ಮನುಷ್ಯರ ಕಡೆ ಹೋಗುತ್ತದೆ, ನಾನು ತೋರಿಸಬೇಕೆಂದಿರುವುದು ಪೀಠವನ್ನು. ಪಕ್ಷಗಳ ಹೆಸರಿಲ್ಲದೆ ಲೆಕ್ಕ ಅರ್ಥವಾಗದು, ಹಾಗಾಗಿ ಅವನ್ನು ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಸ್ಟಾಕ್‌ಹೋಮ್‌ನಲ್ಲಿ ಸಂಸತ್ ಭವನ ಇರುವುದು ಹೆಲ್ಗೆಯಾಂಡ್ಸ್‌ಹೋಲ್ಮೆನ್ ಎಂಬ ಪುಟ್ಟ ದ್ವೀಪದ ಮೇಲೆ. ನಡುವೆ ಕಿರಿದಾದ ಒಂದು ಕಾಲುವೆ, ಅದರಾಚೆ ದಡದಲ್ಲೇ ಅರಮನೆ. ಸೇತುವೆ ದಾಟಿದರೆ ಕೆಲವೇ ನಿಮಿಷದ ನಡಿಗೆ. 1809ರ ಸಂವಿಧಾನದ ಪ್ರಕಾರ ಮಂತ್ರಿಗಳನ್ನು ನೇಮಿಸುವ ಅಧಿಕಾರ ಆ ಅರಮನೆಯಲ್ಲಿತ್ತು. ಇಪ್ಪತ್ತನೇ ಶತಮಾನದಲ್ಲಿ ರಾಜ ಸಂಸತ್ತಿನ ಬಲಾಬಲ ನೋಡಿಯೇ ಪ್ರಧಾನಿಯನ್ನು ಕರೆಯುತ್ತಿದ್ದನಾದರೂ ಕಾಗದದ ಮೇಲೆ ಅಧಿಕಾರ ಅವನದೇ ಆಗಿತ್ತು.

1971ರ ಆಗಸ್ಟ್‌ನಲ್ಲಿ ದಕ್ಷಿಣದ ಕಡಲತೀರದ ಊರು ಟೊರೆಕೊವ್‌ನಲ್ಲಿ ಪಕ್ಷಗಳ ಪ್ರತಿನಿಧಿಗಳು ಸೇರಿ ಒಂದು ರಾಜಿಗೆ ಬಂದರು. ರಾಜಪ್ರಭುತ್ವವನ್ನು ತೆಗೆಯುವುದಿಲ್ಲ, ರಾಜ ರಾಷ್ಟ್ರದ ಮುಖ್ಯಸ್ಥನಾಗಿ ಉಳಿಯುತ್ತಾನೆ, ಆದರೆ ಆಡಳಿತದ ಅಧಿಕಾರ ಅವನಿಗಿರುವುದಿಲ್ಲ ಎಂದು. 1975ರ ಜನವರಿ 1ರಿಂದ ಹೊಸ ಸಂವಿಧಾನ ಜಾರಿಗೆ ಬಂತು. ಈಗ ಅಲ್ಲಿಯ ರಾಜ ಕಾಯ್ದೆಗಳಿಗೆ ಸಹಿ ಹಾಕುವುದಿಲ್ಲ, ಪ್ರಧಾನಿಯನ್ನು ಆರಿಸುವುದೂ ಇಲ್ಲ. ಪ್ರಧಾನಿಯ ಹೆಸರನ್ನು ಸೂಚಿಸುವ ಕೆಲಸ ಕಾಲುವೆ ದಾಟಿ ಸ್ಪೀಕರ್ ಕೊಠಡಿಗೆ ಬಂತು. ಬ್ರಿಟನ್‌ನಲ್ಲಾಗಲಿ ಡೆನ್ಮಾರ್ಕ್‌ನಲ್ಲಾಗಲಿ ಸ್ಪೀಕರ್‌ಗೆ ಈ ಕೆಲಸವಿಲ್ಲ. ನೆದರ್ಲೆಂಡ್ಸ್ 2012ರಲ್ಲಿ ಸರ್ಕಾರ ರಚನೆಯ ಮಾತುಕತೆ ನಡೆಸುವವರ ನೇಮಕವನ್ನು ರಾಜಮನೆತನದಿಂದ ಕೆಳಮನೆಗೆ ವರ್ಗಾಯಿಸಿತು. ಸ್ವೀಡನ್ ಅದಕ್ಕೂ ಬಹಳ ಮೊದಲೇ, ಸಂವಿಧಾನದಲ್ಲೇ ಬರೆದು ಮಾಡಿಕೊಂಡಿತು.

ನಿಯಮ ಹೀಗಿದೆ. ಸ್ಪೀಕರ್ ಎಲ್ಲ ಪಕ್ಷಗಳ ಪ್ರತಿನಿಧಿಗಳನ್ನು ಕರೆದು ಮಾತನಾಡಬೇಕು, ಉಪ ಸ್ಪೀಕರ್‌ಗಳ ಜೊತೆ ಸಮಾಲೋಚಿಸಬೇಕು, ಆಮೇಲೆ ಒಂದು ಹೆಸರನ್ನು ಸದನದ ಮುಂದಿಡಬೇಕು. ನಾಲ್ಕು ದಿನದೊಳಗೆ ಮತದಾನ ಆಗಲೇಬೇಕು. ಆ ಹೆಸರಿಗೆ ಬಹುಮತ ಇರಬೇಕಾಗಿಲ್ಲ, ವಿರುದ್ಧ ಬಹುಮತ ಇರಬಾರದು, ಅಷ್ಟೇ. 349 ಸದಸ್ಯರಲ್ಲಿ 175 ಮಂದಿ ವಿರುದ್ಧ ಮತ ಹಾಕದಿದ್ದರೆ ಆ ವ್ಯಕ್ತಿ ಪ್ರಧಾನಿ. ತಟಸ್ಥರಾಗುವವರಿಗೆ ಈ ವ್ಯವಸ್ಥೆಯಲ್ಲಿ ಎಷ್ಟು ತೂಕವಿದೆ ಎಂಬುದಕ್ಕೆ 1978ರ ಒಂದು ಉದಾಹರಣೆ ಸಾಕು: ಲಿಬರಲ್ ಪಕ್ಷದ ನಾಯಕರೊಬ್ಬರು ಕೇವಲ 39 ಮತ ಪಡೆದು ಪ್ರಧಾನಿಯಾದರು. ವಿರುದ್ಧ ಬಿದ್ದದ್ದು 66, ಉಳಿದವರಲ್ಲಿ ಬಹುಪಾಲು ತಟಸ್ಥರು.

ಇನ್ನೊಂದು ನಿಯಮ ಈ ಪ್ರಕರಣದ ಬೆನ್ನೆಲುಬು. ಸ್ಪೀಕರ್ ಸೂಚಿಸಿದ ಹೆಸರನ್ನು ಸದನ ನಾಲ್ಕು ಸಲ ತಿರಸ್ಕರಿಸಿದರೆ ಮೂರು ತಿಂಗಳೊಳಗೆ ಮರುಚುನಾವಣೆ. ಅಂದರೆ ಸ್ಪೀಕರ್ ಕೈಯಲ್ಲಿರುವುದು ನಾಲ್ಕೇ ಅವಕಾಶ. 2018ರವರೆಗೆ ಯಾವ ಸ್ಪೀಕರ್ ಅವರ ಸೂಚನೆಯನ್ನೂ ಸದನ ಒಂದು ಸಲವೂ ತಿರಸ್ಕರಿಸಿರಲಿಲ್ಲ. ಗೆಲ್ಲುವುದು ಖಚಿತವಾದ ಮೇಲೆಯೇ ಹೆಸರು ಇಡುವುದು ರೂಢಿಯಾಗಿತ್ತು.

ಸಮಸ್ಯೆ

ಸೆಪ್ಟೆಂಬರ್ 9ರ ಚುನಾವಣೆಯಲ್ಲಿ ಎಡ ಬಣಕ್ಕೆ 144 ಸೀಟು ಬಂತು: ಸೋಷಿಯಲ್ ಡೆಮಾಕ್ರಾಟ್ 100, ಲೆಫ್ಟ್ 28, ಗ್ರೀನ್ 16. ಬಲ ಬಣಕ್ಕೆ 143: ಮಾಡರೇಟ್ 70, ಸೆಂಟರ್ 31, ಕ್ರಿಶ್ಚಿಯನ್ ಡೆಮಾಕ್ರಾಟ್ 22, ಲಿಬರಲ್ 20. ಎರಡೂ ಬಣದಿಂದ ಹೊರಗಿದ್ದ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷಕ್ಕೆ 62. ವಲಸೆ ವಿರೋಧವನ್ನೇ ಮುಖ್ಯ ಮಾಡಿಕೊಂಡ ಆ ಪಕ್ಷದ ಜೊತೆ ಕೂಡಿಕೆ ಮಾಡುವುದಿಲ್ಲವೆಂದು ಉಳಿದವರು ಹೇಳುತ್ತಾ ಬಂದಿದ್ದರು. ಬಣಗಳ ನಡುವೆ ಒಂದೇ ಸೀಟಿನ ಅಂತರ, ಮೂರನೆಯವರ ಬೆಂಬಲವಿಲ್ಲದೆ ಯಾವ ಬಣಕ್ಕೂ ಬಹುಮತವಿಲ್ಲ.

ಸೆಪ್ಟೆಂಬರ್ 24ರಂದು ಸದನ ಸೇರಿ ಮಾಡರೇಟ್ ಪಕ್ಷದ ಸದಸ್ಯರೊಬ್ಬರನ್ನು ಸ್ಪೀಕರ್ ಆಗಿ ಆರಿಸಿತು. ಮರುದಿನವೇ, ಚುನಾವಣೆಯ ನಂತರ ಕಡ್ಡಾಯವಾಗಿ ನಡೆಯುವ ಮತದಾನದಲ್ಲಿ, ಸೋಷಿಯಲ್ ಡೆಮಾಕ್ರಾಟ್ ಪ್ರಧಾನಿ 204–142ರಿಂದ ಸೋತರು. ಅವರ ಸರ್ಕಾರ ಉಸ್ತುವಾರಿ ಸರ್ಕಾರವಾಗಿ ಮುಂದುವರಿಯಿತು.

ಸ್ಪೀಕರ್ ಅವರ ಸ್ಥಿತಿ ಎಷ್ಟು ಸೂಕ್ಷ್ಮವಾಗಿತ್ತು ಎಂಬುದನ್ನು ಗಮನಿಸಬೇಕು. ಅವರು ಬಂದದ್ದು ಮಾಡರೇಟ್ ಪಕ್ಷದಿಂದ. ಪ್ರಧಾನಿ ಸ್ಥಾನಕ್ಕೆ ಎದುರಿಗಿದ್ದ ಮುಖ್ಯ ಹಕ್ಕುದಾರ ಅದೇ ಪಕ್ಷದ ನಾಯಕ. ಸ್ವೀಡನ್‌ನಲ್ಲಿ ಸ್ಪೀಕರ್ ಚರ್ಚೆಯಲ್ಲಿ ಪರ–ವಿರೋಧ ಮಾತನಾಡುವಂತಿಲ್ಲ, ಮತ ಹಾಕುವಂತಿಲ್ಲ, ಅವರ ಸೀಟಿನ ಕೆಲಸವನ್ನು ಬದಲಿ ಸದಸ್ಯರೊಬ್ಬರು ಮಾಡುತ್ತಾರೆ. ಪೀಠವನ್ನು ಪಕ್ಷದಿಂದ ಬಿಡಿಸಿಡಲು ನಿಯಮ ಮಾಡಬಹುದಾದದ್ದು ಅಷ್ಟು. ಮಿಕ್ಕದ್ದು ಪೀಠದಲ್ಲಿ ಕೂತವರ ನಡೆ ನೋಡಿ ಜನ ನಂಬಬೇಕು.

ಏನೇನು ಪ್ರಯತ್ನ ಮಾಡಿದರು

ಮೊದಲ ತಿಂಗಳು ರೂಢಿಯಂತೆಯೇ ನಡೆಯಿತು. ಸ್ಪೀಕರ್ ಎಲ್ಲ ಪಕ್ಷದ ನಾಯಕರನ್ನು ಒಬ್ಬೊಬ್ಬರಾಗಿ ಕರೆದು ಮಾತನಾಡಿದರು. ಅಕ್ಟೋಬರ್ 2ರಂದು ಮಾಡರೇಟ್ ನಾಯಕನಿಗೆ ಸರ್ಕಾರ ರಚನೆಯ ಸಾಧ್ಯತೆ ಹುಡುಕುವ ಹೊಣೆ ಕೊಟ್ಟರು. ಹಾಲಿ ಪ್ರಧಾನಿಯನ್ನು ಸದನ ಆಗಷ್ಟೇ ಕೆಳಗಿಳಿಸಿತ್ತು, ಇಳಿಸಿದವರ ಮುಂದಾಳಿಗೆ ಮೊದಲ ಅವಕಾಶ ಸಿಕ್ಕಿದ್ದರಲ್ಲಿ ತರ್ಕವಿದೆ. ಹನ್ನೆರಡು ದಿನಕ್ಕೆ ಅವರು ಆಗುವುದಿಲ್ಲವೆಂದು ವಾಪಸ್ ಒಪ್ಪಿಸಿದರು. ಅಕ್ಟೋಬರ್ 15ರಂದು ಅದೇ ಹೊಣೆ ನಿರ್ಗಮಿತ ಪ್ರಧಾನಿಗೆ ಹೋಯಿತು, 29ರಂದು ಅದೂ ಮರಳಿ ಬಂತು. ಆಮೇಲೆ ಸ್ಪೀಕರ್ ತಾವೇ ಪಕ್ಷಗಳನ್ನು ಬೇರೆಬೇರೆ ಜೋಡಣೆಯಲ್ಲಿ ಕೂರಿಸಿ ಮಾತನಾಡಿಸಿದರು.

ಅದರಿಂದಲೂ ಏನೂ ಹೊರಡಲಿಲ್ಲ. ಕಾರಣ ಸುಲಭವಾಗಿ ತಿಳಿಯುತ್ತದೆ. ಸೆಂಟರ್ ಮತ್ತು ಲಿಬರಲ್ ಪಕ್ಷಗಳು ಚುನಾವಣೆಗೆ ಮುಂಚೆ ಎರಡು ಮಾತು ಕೊಟ್ಟಿದ್ದವು: ಸೋಷಿಯಲ್ ಡೆಮಾಕ್ರಾಟ್ ಪ್ರಧಾನಿಯನ್ನು ಇಳಿಸುತ್ತೇವೆ, ಸ್ವೀಡನ್ ಡೆಮಾಕ್ರಾಟ್ಸ್‌ನ ಹಿಡಿತಕ್ಕೆ ಸರ್ಕಾರವನ್ನು ಒಪ್ಪಿಸುವುದಿಲ್ಲ. ಫಲಿತಾಂಶ ಬಂದ ಮೇಲೆ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಯಾವುದನ್ನು ಬಿಡುತ್ತೇವೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಮಾತುಕತೆಯ ಕೋಣೆಯಲ್ಲಿ ಬೀಳುವುದಿಲ್ಲ. "ಇನ್ನೊಂದು ಸುತ್ತು ಮಾತನಾಡೋಣ" ಎಂದರೆ ಮುಗಿಯಿತು.

ಇಲ್ಲಿ ಬಂತು ಪ್ರಕರಣದ ಮೊದಲ ತಿರುವು.

ತಿರುವು ಒಂದು: ಸೋಲುವುದು ಗೊತ್ತಿದ್ದೂ ಇಟ್ಟ ಹೆಸರು

ನವೆಂಬರ್ ಎರಡನೇ ವಾರದಲ್ಲಿ ಸ್ಪೀಕರ್ ಮಾಡರೇಟ್ ನಾಯಕನ ಹೆಸರನ್ನು ಸದನದ ಮುಂದಿಟ್ಟರು. ಗೆಲ್ಲುವ ಭರವಸೆ ಇರಲಿಲ್ಲ. ಸೆಂಟರ್ ಮತ್ತು ಲಿಬರಲ್ ಪಕ್ಷಗಳು ವಿರುದ್ಧ ಮತ ಹಾಕುವುದಾಗಿ ಹೇಳಿಯೇಬಿಟ್ಟಿದ್ದವು. ನವೆಂಬರ್ 14ರಂದು ಮತದಾನ ನಡೆಯಿತು: ಪರ 154, ವಿರುದ್ಧ 195. ಸ್ಪೀಕರ್ ಸೂಚಿಸಿದ ಹೆಸರನ್ನು ಸ್ವೀಡನ್ ಸಂಸತ್ತು ತಿರಸ್ಕರಿಸಿದ್ದು ಅದೇ ಮೊದಲು.

ಆ ಎರಡು ಸಂಖ್ಯೆಗಳನ್ನು ಬಿಡಿಸಿ ನೋಡಿ. 154 ಎಂದರೆ 70 ಮಾಡರೇಟ್, 22 ಕ್ರಿಶ್ಚಿಯನ್ ಡೆಮಾಕ್ರಾಟ್, 62 ಸ್ವೀಡನ್ ಡೆಮಾಕ್ರಾಟ್ಸ್. 195 ಎಂದರೆ ಎಡ ಬಣದ 144, ಜೊತೆಗೆ ಸೆಂಟರ್‌ನ 31, ಲಿಬರಲ್‌ನ 20. ಒಂದೂ ಆಚೀಚೆ ಇಲ್ಲ. ಹದಿನಾಲ್ಕು ವರ್ಷದಿಂದ ಒಂದೇ ಬಣವಾಗಿದ್ದ ನಾಲ್ಕು ಬಲಪಂಥೀಯ ಪಕ್ಷಗಳು ಎರಡು–ಎರಡಾಗಿ ಸೀಳಿದ್ದು ಆ ದಿನ ಸದನದ ದಾಖಲೆಗೆ ಹೋಯಿತು. ಎರಡು ತಿಂಗಳ ಮಾತುಕತೆಯಲ್ಲಿ ಯಾರೂ ಖಚಿತವಾಗಿ ಹೇಳದೆ ಉಳಿಸಿಕೊಂಡದ್ದು ಒಂದು ಮತದಾನದಲ್ಲಿ ಹೊರಬಿತ್ತು.

ಈ ನಿರ್ಧಾರ ತೂಕದ್ದು ಎಂದು ನಾನು ಏಕೆ ಭಾವಿಸುತ್ತೇನೆಂದರೆ, ಅದಕ್ಕೆ ಬೆಲೆ ತೆರಬೇಕಿತ್ತು. ಇದ್ದ ನಾಲ್ಕು ಅವಕಾಶಗಳಲ್ಲಿ ಒಂದು ಹೋಯಿತು. ಸ್ಪೀಕರ್ ಸೂಚನೆ ಸೋಲಬಾರದೆಂಬ ರೂಢಿ ಮುರಿಯಿತು. ಸೋತದ್ದು ಸ್ಪೀಕರ್ ಅವರ ಸ್ವಂತ ಪಕ್ಷದ ನಾಯಕ. ಪಕ್ಷದ ಹಿತ ಕಾಯಬೇಕೆಂದಿದ್ದರೆ ಆ ಹೆಸರನ್ನು ಹಿಂದಿಟ್ಟುಕೊಂಡು ಎದುರಾಳಿಯನ್ನೇ ಮೊದಲು ಸೋಲಲು ಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹೆಸರು ಸೂಚಿಸುವುದಕ್ಕೆ ಅಲ್ಲಿಯವರೆಗೆ ಇದ್ದ ಅರ್ಥ "ಇವರು ಗೆಲ್ಲುತ್ತಾರೆ" ಎಂದು. ಅವರು ಅದನ್ನು "ಇವರ ಬಗ್ಗೆ ನಿಮ್ಮ ತೀರ್ಮಾನ ಹೇಳಿ" ಎಂಬ ಪ್ರಶ್ನೆಯಾಗಿ ಬದಲಿಸಿದರು. ನಮ್ಮಲ್ಲಿ ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲೇ ಎಂದು ಬೊಮ್ಮಾಯಿ ಪ್ರಕರಣದ ತೀರ್ಪಿನ ಕಾಲದಿಂದ ಹೇಳುತ್ತಾ ಬಂದಿದ್ದೇವೆ. ಆದರೆ ಮೊದಲು ಪ್ರಮಾಣವಚನ, ಆಮೇಲೆ ಮತ. ಸ್ವೀಡನ್‌ನಲ್ಲಿ ಮತವೇ ಮೊದಲು, ಗೆಲ್ಲದವರು ಕುರ್ಚಿಯ ಹತ್ತಿರವೂ ಹೋಗುವುದಿಲ್ಲ. ಈ ಒಂದು ವ್ಯತ್ಯಾಸದಿಂದ ಹದಿನೈದು ದಿನದ ಗಡುವು, ರೆಸಾರ್ಟ್‌ಗೆ ಹೊರಡುವ ಬಸ್ಸುಗಳು, ಇವೆಲ್ಲಕ್ಕೆ ಜಾಗವೇ ಇಲ್ಲದಂತಾಗುತ್ತದೆ.

ನಡುವಿನ ದಿನಗಳು

ಮರುದಿನವೇ ಸೆಂಟರ್ ಪಕ್ಷದ ನಾಯಕಿಗೆ ಒಂದು ವಾರದ ಅವಕಾಶ ಕೊಟ್ಟರು. ನಡುವಿನ ಪಕ್ಷವೊಂದು ಎರಡೂ ಕಡೆಯವರನ್ನು ಸೇರಿಸಬಲ್ಲುದೇ ಎಂಬ ಪರೀಕ್ಷೆ ಅದು. ನವೆಂಬರ್ 22ಕ್ಕೆ ಅವರೂ ಕೈಚೆಲ್ಲಿದರು. ಮುಂದಿನ ಹೆಸರು ನಿರ್ಗಮಿತ ಪ್ರಧಾನಿಯದು. ಅವರು ಸೆಂಟರ್, ಲಿಬರಲ್ ಪಕ್ಷಗಳ ಜೊತೆ ಮಾತುಕತೆಗೆ ಸಮಯ ಬೇಕೆಂದಾಗ ಸ್ಪೀಕರ್ ಸಮಯ ಕೊಟ್ಟರು. ಡಿಸೆಂಬರ್ 10ರಂದು ಆ ಮಾತುಕತೆ ಮುರಿಯಿತು. ಮುರಿದರೂ ಮತದಾನ ರದ್ದಾಗಲಿಲ್ಲ. ಡಿಸೆಂಬರ್ 14ರಂದು ಪರ 116, ವಿರುದ್ಧ 200. ಎರಡನೇ ಅವಕಾಶವೂ ಹೋಯಿತು.

ಈ ಎರಡನೇ ಸೋಲಿನ ಬಗ್ಗೆ ನನಗೆ ಮೊದಲಿನಷ್ಟು ಖಚಿತ ಅಭಿಪ್ರಾಯವಿಲ್ಲ. ಅದರಿಂದ ಹೊಸದೇನೂ ತಿಳಿಯಲಿಲ್ಲ ಎನ್ನಬಹುದು. ಆದರೆ ಮಾಡರೇಟ್ ನಾಯಕನನ್ನು ಮತಕ್ಕೆ ಹಾಕಿ ಎದುರಾಳಿಯನ್ನು ಹಾಕದೆ ಬಿಟ್ಟಿದ್ದರೆ ಪೀಠದ ತಕ್ಕಡಿ ವಾಲಿದಂತೆ ಕಾಣುತ್ತಿತ್ತು. ಇಬ್ಬರೂ ಒಂದೊಂದು ಸಲ ಸೋತಾಗ ಸ್ಪೀಕರ್ ಬಗ್ಗೆ ಎರಡು ಕಡೆಗೂ ದೂರಲು ಕಾರಣವಿಲ್ಲದಂತಾಯಿತು.

ಅದೇ ವಾರ ಇನ್ನೊಂದು ವಿಚಿತ್ರ ಘಟಿಸಿತು. ಡಿಸೆಂಬರ್ 12ರಂದು ಸದನ ಮಾಡರೇಟ್ ಮತ್ತು ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷಗಳ ಬಜೆಟ್‌ಗೆ ಒಪ್ಪಿಗೆ ಕೊಟ್ಟಿತು. ಸೋಷಿಯಲ್ ಡೆಮಾಕ್ರಾಟರ ಉಸ್ತುವಾರಿ ಸರ್ಕಾರ ಎದುರಾಳಿಗಳ ಬಜೆಟ್ ಹಿಡಿದು ಆಡಳಿತ ನಡೆಸಬೇಕಾಯಿತು. ಸರ್ಕಾರವಿಲ್ಲದೆ ದೇಶ ನಿಲ್ಲಲಿಲ್ಲ ನಿಜ, ಆದರೆ ಹಣ ಯಾರದೋ ಯೋಜನೆಯಂತೆ, ಸಹಿ ಇನ್ಯಾರದೋ ಎನ್ನುವ ಸ್ಥಿತಿ ಬಹಳ ದಿನ ನಡೆಯುವಂಥದ್ದಲ್ಲ.

ತಿರುವು ಎರಡು: ಕ್ಯಾಲೆಂಡರ್

ಎರಡು ಅವಕಾಶ ಮುಗಿದ ಮೇಲೆ ಸ್ಪೀಕರ್ ಮಾಡಿದ ಕೆಲಸ ಮೇಲ್ನೋಟಕ್ಕೆ ಬಹಳ ಸಣ್ಣದು. ಉಳಿದ ಎರಡು ಮತದಾನಗಳ ದಿನಾಂಕವನ್ನು ಮುಂಚಿತವಾಗಿ ಸಾರ್ವಜನಿಕವಾಗಿ ಹೇಳಿಬಿಟ್ಟರು: ಮೂರನೆಯದು ಜನವರಿ 16, ನಾಲ್ಕನೆಯದು ಜನವರಿ 23. ಯಾರ ಹೆಸರು ಎಂದು ಹೇಳಲಿಲ್ಲ. ದಿನಾಂಕ ಮಾತ್ರ.

ಅಲ್ಲಿಯವರೆಗೆ ಕಾಯುವುದರಿಂದ ಯಾರಿಗೂ ನಷ್ಟವಿರಲಿಲ್ಲ. ಎದುರಿನವರು ಮೊದಲು ಬಗ್ಗಲಿ ಎಂದು ಎಲ್ಲರೂ ಕೂತಿದ್ದರು. ಜನವರಿ 23 ಎಂದು ಗೋಡೆಯ ಮೇಲೆ ಬರೆದ ಮೇಲೆ ಲೆಕ್ಕ ಬದಲಾಯಿತು. ಆ ದಿನದೊಳಗೆ ತೀರ್ಮಾನವಾಗದಿದ್ದರೆ ಮತ್ತೆ ಮತದಾರರ ಮುಂದೆ ಹೋಗಬೇಕು. ನಾಲ್ಕು ಪ್ರತಿಶತ ಮತ ಸಿಗದ ಪಕ್ಷ ಸ್ವೀಡನ್‌ನಲ್ಲಿ ಸಾಮಾನ್ಯವಾಗಿ ಸಂಸತ್ತಿಗೇ ಬರುವುದಿಲ್ಲ. ಆ ಗೆರೆಯ ಹತ್ತಿರವಿದ್ದ ಸಣ್ಣ ಪಕ್ಷಗಳಿಗೆ ಮರುಚುನಾವಣೆ ಅಂದರೆ ಉಳಿವಿನ ಪ್ರಶ್ನೆ.

ಜನವರಿ 11ರಂದು ಸೋಷಿಯಲ್ ಡೆಮಾಕ್ರಾಟ್, ಗ್ರೀನ್, ಸೆಂಟರ್, ಲಿಬರಲ್ ಪಕ್ಷಗಳು 73 ಅಂಶಗಳ ಒಪ್ಪಂದ ಪ್ರಕಟಿಸಿದವು. ಸೆಂಟರ್ ಮತ್ತು ಲಿಬರಲ್ ಸರ್ಕಾರ ಸೇರುವುದಿಲ್ಲ, ಆದರೆ ಪ್ರಧಾನಿಗೆ ಅಡ್ಡಬರುವುದಿಲ್ಲ. ಕಗ್ಗಂಟು ಬಿಚ್ಚಿತು ಎನ್ನುವಷ್ಟರಲ್ಲಿ ಲೆಫ್ಟ್ ಪಕ್ಷ ಎದ್ದು ನಿಂತಿತು. ತನ್ನನ್ನು ಹೊರಗಿಟ್ಟು, ಬಲಪಂಥದ ನೀತಿಗಳನ್ನು ಒಪ್ಪಿಕೊಂಡ ಸರ್ಕಾರವನ್ನು ತಾನೇಕೆ ಬಿಟ್ಟುಕೊಡಬೇಕು ಎಂಬುದು ಅದರ ಪ್ರಶ್ನೆ. ಅದರ 28 ಮತ ವಿರುದ್ಧ ಬಿದ್ದರೆ 175 ದಾಟುತ್ತಿತ್ತು.

ಸ್ಪೀಕರ್ ಇಲ್ಲಿ ತಾವೇ ಹಾಕಿದ ಗಡುವನ್ನು ಎರಡು ದಿನ ಸಡಿಲಿಸಿದರು. ಮತದಾನ 16ರಿಂದ 18ಕ್ಕೆ ಹೋಯಿತು. ಎರಡು ವಾರ ಕೊಟ್ಟಿದ್ದರೆ ಡಿಸೆಂಬರ್‌ನ ಸ್ಥಿತಿಯೇ ಮರುಕಳಿಸುತ್ತಿತ್ತು. ಒಂದು ದಿನವೂ ಕೊಡದಿದ್ದರೆ ಬಹುಶಃ ಮೂರನೇ ಅವಕಾಶವೂ ಕೈತಪ್ಪುತ್ತಿತ್ತು. ಆ ಎರಡು ದಿನದಲ್ಲಿ ಲೆಫ್ಟ್ ಪಕ್ಷ ತಟಸ್ಥವಾಗಲು ಒಪ್ಪಿತು. ಆದರೆ ಷರತ್ತು ಹಾಕಿತು: ಒಪ್ಪಂದದಲ್ಲಿದ್ದ ಹೊಸ ಮನೆಗಳ ಬಾಡಿಗೆಯನ್ನು ಮಾರುಕಟ್ಟೆಗೆ ಬಿಡುವ ಅಂಶ ಮುಂದೆ ಬಂದರೆ ಈ ಸರ್ಕಾರವನ್ನು ಬೀಳಿಸಲು ಹಿಂಜರಿಯುವುದಿಲ್ಲ ಎಂದು.

ಏನಾಯಿತು

ಜನವರಿ 18ರ ಮತದಾನ: ಪರ 115, ವಿರುದ್ಧ 153, ತಟಸ್ಥ 77. ಪರಕ್ಕಿಂತ ವಿರುದ್ಧ ಮತ ಹೆಚ್ಚಿದ್ದರೂ 175 ತಲುಪಲಿಲ್ಲ, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಕೆಳಗಿಳಿದ ಪ್ರಧಾನಿಯೇ ಮತ್ತೆ ಪ್ರಧಾನಿಯಾದರು. ನೇಮಕಪತ್ರವನ್ನು ಸಂಸತ್ತಿನ ಪರವಾಗಿ ಸ್ಪೀಕರ್ ಕೊಟ್ಟರು. ಜನವರಿ 21ರಂದು ಅರಮನೆಯಲ್ಲಿ, ರಾಜನ ಸಮ್ಮುಖದ ವಿಶೇಷ ಸಭೆಯಲ್ಲಿ, ಸರ್ಕಾರ ಬದಲಾದದ್ದು ಅಧಿಕೃತವಾಯಿತು. ಚುನಾವಣೆಯಿಂದ ಅಲ್ಲಿಗೆ 134 ದಿನ. ಇಷ್ಟು ದಿನ ರಾಜನ ಕಡೆಯಿಂದ ಒಂದು ಸೂಚನೆ, ಒಂದು ಆಹ್ವಾನ ಹೊರಡಲಿಲ್ಲ. ಹೊರಡಬೇಕೆಂದು ಯಾರೂ ಕೇಳಲೂ ಇಲ್ಲ.

ಈ ಪ್ರಕರಣದಿಂದ ತಿಳಿಯುವುದು

ಸ್ಪೀಕರ್ ಅಂದರೆ ಸದನದಲ್ಲಿ ಶಾಂತಿ ಕಾಪಾಡುವವರು, ಗದ್ದಲವಾದಾಗ ಕಲಾಪ ಮುಂದೂಡುವವರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಶಾಸಕರ ರಾಜೀನಾಮೆ ಒಪ್ಪುವುದೋ ಅನರ್ಹಗೊಳಿಸುವುದೋ ಎಂಬ ಪ್ರಶ್ನೆ ಬಂದಾಗ ಮಾತ್ರ ಆ ಪೀಠದ ಶಕ್ತಿ ಎಷ್ಟೆಂದು ನೋಡುತ್ತೇವೆ. 2019ರ ಜುಲೈನಲ್ಲಿ ಬೆಂಗಳೂರಿನಲ್ಲಿ ನೋಡಿದೆವು. ಸ್ವೀಡನ್‌ನ ಸ್ಪೀಕರ್ ಕೈಯಲ್ಲಿದ್ದದ್ದು ಬೇರೆ ಬಗೆಯ ಶಕ್ತಿ. ಯಾರನ್ನೂ ಅವರು ಆರಿಸಲಿಲ್ಲ. ಯಾವ ಕೂಡಿಕೆ ಒಳ್ಳೆಯದೆಂದು ಹೇಳಲಿಲ್ಲ. ಪ್ರಶ್ನೆಯನ್ನು ಯಾವಾಗ ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂಬುದಷ್ಟೇ ಅವರದಾಗಿತ್ತು, ಉತ್ತರ ಪೂರ್ತಿ ಸದನದ್ದೇ. ಪ್ರತಿ ಹಂತದಲ್ಲೂ ಪತ್ರಿಕಾಗೋಷ್ಠಿ ಕರೆದು ಏನು ಮಾಡುತ್ತಿದ್ದೇನೆ, ಮುಂದಿನ ಹೆಜ್ಜೆ ಏನು ಎಂದು ವಿವರಿಸುತ್ತಾ ಹೋದರು. ಮುಚ್ಚಿದ ಬಾಗಿಲ ಹಿಂದೆ ಏನೋ ನಡೆಯುತ್ತಿದೆ ಎಂಬ ಸಂಶಯಕ್ಕೆ ಅದರಿಂದ ಎಡೆ ಕಡಿಮೆಯಾಯಿತು.

ಇನ್ನೂ ಬೇಗ ಮಾಡಬಹುದಿತ್ತೇ? ಹೌದೆಂದೇ ನನ್ನ ಅನಿಸಿಕೆ. ಮೊದಲ ಮತದಾನಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ದಿನಾಂಕಗಳನ್ನು ಮುಂಚಿತವಾಗಿ ಪ್ರಕಟಿಸುವ ದಾರಿ ಅಕ್ಟೋಬರ್‌ನಲ್ಲೂ ತೆರೆದೇ ಇತ್ತು. ಆದರೆ ಇದಕ್ಕೆ ಮುಂಚಿನ ಯಾವ ಸ್ಪೀಕರ್ ಅವರ ಅನುಭವವೂ ಅವರ ನೆರವಿಗೆ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ನಾಲ್ಕು ಅವಕಾಶದ ನಿಯಮ ಅಲ್ಲಿಯವರೆಗೆ ಪುಸ್ತಕದಲ್ಲಿ ಮಲಗಿತ್ತು.

ಕಲಿತದ್ದು ವ್ಯರ್ಥವಾಗಲಿಲ್ಲ. ಬಾಡಿಗೆಯ ಪ್ರಶ್ನೆ ಲೆಫ್ಟ್ ಪಕ್ಷ ಎಚ್ಚರಿಸಿದಂತೆಯೇ ಮತ್ತೆ ಎದ್ದು, 2021ರ ಜೂನ್ 21ರಂದು ಅವಿಶ್ವಾಸ ಗೊತ್ತುವಳಿ 181 ಮತಗಳಿಂದ ಅಂಗೀಕಾರವಾಯಿತು. ಒಂದು ವಾರಕ್ಕೆ ಪ್ರಧಾನಿ ರಾಜೀನಾಮೆ ಕೊಟ್ಟರು. ಅದೇ ಸ್ಪೀಕರ್ ಮತ್ತೆ ಪಕ್ಷಗಳನ್ನು ಕರೆದರು. ಈ ಸಲ ಮಾಡರೇಟ್ ನಾಯಕನಿಗೆ ಸಿಕ್ಕ ಅವಕಾಶ ಕೆಲವೇ ದಿನಗಳದು. ಜುಲೈ 7ರಂದು ರಾಜೀನಾಮೆ ಕೊಟ್ಟಿದ್ದ ಪ್ರಧಾನಿಯ ಹೆಸರೇ ಮತಕ್ಕೆ ಬಂದು ಗೆದ್ದಿತು: ಪರ 116, ವಿರುದ್ಧ 173, ತಟಸ್ಥ 60. ರಾಜೀನಾಮೆಯಿಂದ ಮತದಾನದವರೆಗೆ ಒಂಬತ್ತು ದಿನ.